ಟೆಸ್ಟ್‌ನಲ್ಲಿ ಪಾಸು, ಗೇಮ್‌ನಲ್ಲಿ ಫೇಲು: ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್‌ಗೆ ಯಾವ ಸ್ಟ್ರೆಸ್ ಟೆಸ್ಟ್ ನಂಬಬೇಕು?

‘ವಿಡಿಯೊ ಮೆಮೊರಿ ಸಾಲುತ್ತಿಲ್ಲ.’ ಗೇಮ್ ಶುರುವಾಗುವ ಹೊತ್ತಿಗೆ ಈ ಅರ್ಥದ ಸಂದೇಶ ಬಂದು ಎಲ್ಲ ನಿಂತುಹೋಗುತ್ತಿತ್ತು. 24 ಜಿಬಿ ಮೆಮೊರಿ ಇರುವ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಂಡವರಿಗೂ ಅದೇ ಸಂದೇಶ. ಜನ ಡ್ರೈವರ್ ಬದಲಿಸಿದರು, ವಿಂಡೋಸ್ ಮತ್ತೆ ಹಾಕಿದರು, ಕಾರ್ಡನ್ನೇ ವಾಪಸ್ ಕೊಟ್ಟರು. ಕೊನೆಗೆ ನೋಡಿದರೆ ಕಾರ್ಡ್ ಸರಿಯಾಗಿಯೇ ಇತ್ತು. ತಪ್ಪು ಮಾಡುತ್ತಿದ್ದದ್ದು ಪ್ರೊಸೆಸರ್.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಈ ರಗಳೆ 2024ರಲ್ಲಿ ದೊಡ್ಡ ಸುದ್ದಿಯಾಯಿತು. ಓದಿದವರ ತಲೆ ಕೆಡಿಸಿದ ಸಂಗತಿ ಒಂದಿದೆ. ಇಂಥ ಮಷಿನ್‌ಗಳಲ್ಲಿ ಹಲವು, ಸಿನಿಬೆಂಚ್‌ನಂಥ ಟೆಸ್ಟ್‌ಗಳನ್ನು ಸಲೀಸಾಗಿ ಮುಗಿಸುತ್ತಿದ್ದವು. ಎಲ್ಲ ಕೋರ್‌ಗಳನ್ನೂ (ಪ್ರೊಸೆಸರ್‌ನ ಒಳಗಿನ ಲೆಕ್ಕದ ಘಟಕಗಳನ್ನು) ಅರ್ಧ ಗಂಟೆ ಹಿಂಡಿದರೂ ಜಗ್ಗದ ಮಷಿನ್, ಗೇಮ್‌ನ ಲೋಡಿಂಗ್ ಪರದೆಯಲ್ಲಿ ಬಿದ್ದುಹೋಗುವುದು ಹೇಗೆ?

ಅದು ಕಂಪನಿಯ ಚಿಪ್‌ನಲ್ಲೇ ಇದ್ದ ದೋಷ. ಆದರೆ ಅದು ಎತ್ತಿದ ಪ್ರಶ್ನೆ ಓವರ್‌ಕ್ಲಾಕ್ ಮಾಡುವ, ಅಂದರೆ ಪ್ರೊಸೆಸರ್ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ಏರಿಸುವ ಎಲ್ಲರದ್ದೂ ಹೌದು. ವೇಗ ಏರಿಸಿದ ಮೇಲೆ ‘ಸ್ಟೇಬಲ್ ಆಗಿದೆ’ ಎಂದು ಹೇಳಲು ಯಾವ ಸಾಫ್ಟ್‌ವೇರ್ ಓಡಿಸಬೇಕು? ಒಬ್ಬರು ಪ್ರೈಮ್95 ಬಿಟ್ಟರೆ ಬೇರೆ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ಅದನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಯಾಕೆ ಅಂತ ತಿಳಿಯಬೇಕಾದರೆ ಚಿಪ್‌ನ ಒಳಗೆ ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ಮೊದಲು ನೋಡಬೇಕು.

200 ಪಿಕೊಸೆಕೆಂಡಿನ ಗಡುವು

ಪ್ರೊಸೆಸರ್‌ನ ಕೆಲಸವೆಲ್ಲ ಕ್ಲಾಕ್‌ನ ತಾಳಕ್ಕೆ ನಡೆಯುತ್ತದೆ. 5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಬಡಿತ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ 200 ಪಿಕೊಸೆಕೆಂಡ್ ಅಷ್ಟೇ. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ 6 ಸೆಂಟಿಮೀಟರ್ ದಾಟಲಾರದು. ಆ ಅವಧಿಯೊಳಗೆ ಸಿಗ್ನಲ್ ಒಂದು ಘಟ್ಟದಿಂದ ಹೊರಟು ಸಾಲು ಸಾಲು ಟ್ರಾನ್ಸಿಸ್ಟರ್ ದಾಟಿ ಮುಂದಿನ ಘಟ್ಟದಲ್ಲಿ ನೆಲೆ ನಿಲ್ಲಬೇಕು. ವೇಗವನ್ನು 5.5ಕ್ಕೆ ಏರಿಸಿದರೆ ಗಡುವು 182 ಪಿಕೊಸೆಕೆಂಡಿಗೆ ಇಳಿಯುತ್ತದೆ. ಸಿಗ್ನಲ್ ತಡವಾಗಿ ಬಂದರೆ 1 ಇರಬೇಕಾದ ಕಡೆ 0 ದಾಖಲಾಗುತ್ತದೆ.

ಸಿಗ್ನಲ್ ಬೇಗ ಬರಬೇಕಾದರೆ ವೋಲ್ಟೇಜ್ ಏರಿಸಬೇಕು. ಅದಕ್ಕೆ ಬೆಲೆ ಇದೆ. ಟ್ರಾನ್ಸಿಸ್ಟರ್‌ಗಳು ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಕ್ಲಾಕ್ ಏರಿದಷ್ಟು ಏರುತ್ತದೆ, ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. 5 ಗಿಗಾಹರ್ಟ್ಸ್ ಮತ್ತು 1.2 ವೋಲ್ಟ್‌ನಲ್ಲಿದ್ದ ಚಿಪ್ಪನ್ನು 5.3 ಗಿಗಾಹರ್ಟ್ಸ್ ಮತ್ತು 1.3 ವೋಲ್ಟ್‌ಗೆ ಒಯ್ದರೆ ಸಿಗುವ ವೇಗ ಶೇ 6, ಏರುವ ಬಿಸಿ ಸುಮಾರು ಶೇ 24. ಬಿಸಿ ಜಾಸ್ತಿಯಾದರೆ ಈ ವೋಲ್ಟೇಜ್‌ಗಳಲ್ಲಿ ಸಿಗ್ನಲ್ ಮತ್ತೆ ನಿಧಾನ. ಅದನ್ನು ಸರಿಮಾಡಲು ಇನ್ನಷ್ಟು ವೋಲ್ಟೇಜ್. ಓವರ್‌ಕ್ಲಾಕ್ ಮಾಡುವವರು ಸುತ್ತುವ ಸುಳಿ ಇದೇ.

ಇನ್ನೊಂದು ಕಾಟ ಇದೆ. ಸುಮ್ನೆ ಕೂತಿದ್ದ ಕೋರ್‌ಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಇಳಿದಾಗ ಕರೆಂಟ್ ಒಮ್ಮೆಲೇ ನುಗ್ಗುತ್ತದೆ, ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ. ದೊಡ್ಡ ಮೋಟರ್ ಶುರುವಾದಾಗ ಮನೆಯ ದೀಪ ಒಂದು ಕ್ಷಣ ಮಂಕಾಗುತ್ತದಲ್ವಾ, ಹಾಗೆ. ಲೋಡ್ ಒಂದೇ ಸಮ ಇದ್ದಾಗ ಈ ಕುಸಿತ ಕಡಿಮೆ. ಏರಿಳಿತ ಇದ್ದಾಗಲೇ ಅಪಾಯ.

ಹಾಗಾಗಿ ಸ್ಟ್ರೆಸ್ ಟೆಸ್ಟ್ ಎನ್ನುವ ಒಂದೇ ಹೆಸರಿನಡಿ ಮೂರು ಬೇರೆ ಕೆಲಸಗಳಿವೆ. ಚಿಪ್ಪನ್ನು ಬಿಸಿ ಮಾಡುವುದು. ಲೆಕ್ಕ ತಪ್ಪಿದರೆ ಹಿಡಿಯುವುದು. ಬೇರೆ ಬೇರೆ ವೇಗ ಮತ್ತು ವೋಲ್ಟೇಜ್‌ಗಳಲ್ಲಿ ಚಿಪ್ಪನ್ನು ಓಡಾಡಿಸುವುದು. ಮೂರನ್ನೂ ಒಂದೇ ಹೊತ್ತಿಗೆ ಮಾಡುವ ಸಾಫ್ಟ್‌ವೇರ್ ಇಲ್ಲ. ಇರಲಾರದು ಕೂಡ. ಚಿಪ್ ಹೆಚ್ಚು ಬಿಸಿಯಾದಷ್ಟೂ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ತುತ್ತತುದಿಯ ವೇಗದ ಪರೀಕ್ಷೆಯೇ ನಡೆಯುವುದಿಲ್ಲ.

ಪ್ರೈಮ್95: ತನ್ನ ಲೆಕ್ಕವನ್ನು ತಾನೇ ಅನುಮಾನಿಸುವ ಸಾಫ್ಟ್‌ವೇರ್

ಪ್ರೈಮ್95 ಸ್ಟ್ರೆಸ್ ಟೆಸ್ಟ್‌ಗೆಂದು ಹುಟ್ಟಿದ್ದಲ್ಲ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರು ಮಾಡಿದ ಜಿಂಪ್ಸ್ ಎಂಬ ಯೋಜನೆಗಾಗಿ ಬರೆದದ್ದು. ಮೆರ್ಸೆನ್ ಎಂಬ ಬಗೆಯ ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದು ಆ ಯೋಜನೆಯ ಕೆಲಸ. 2024ರಲ್ಲಿ ಅದು ಕಂಡುಹಿಡಿದ ಸಂಖ್ಯೆಯಲ್ಲಿ 4 ಕೋಟಿ 10 ಲಕ್ಷಕ್ಕೂ ಜಾಸ್ತಿ ಅಂಕಿಗಳಿವೆ. ಇಂಥ ಲೆಕ್ಕ ಸಾಮಾನ್ಯ ಕಂಪ್ಯೂಟರಿನಲ್ಲಿ ವಾರಗಟ್ಟಲೆ ನಡೆಯುತ್ತದೆ. ನಡುವೆ ಒಂದೇ ಒಂದು ಬಿಟ್ ತಪ್ಪಿದರೂ ಅಷ್ಟೂ ಶ್ರಮ ನೀರುಪಾಲು. ಹಾಗಾಗಿ ಹೆಜ್ಜೆ ಹೆಜ್ಜೆಗೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಗುಣ ಇದಕ್ಕೆ ಹುಟ್ಟಿನಿಂದಲೇ ಬಂದಿದೆ.

ಆ ಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ದೈತ್ಯ ಸಂಖ್ಯೆಗಳನ್ನು ಗುಣಿಸಲು ಪ್ರೈಮ್95 ಎಫ್‌ಎಫ್‌ಟಿ ಎಂಬ ವಿಧಾನ ಬಳಸುತ್ತದೆ. ಲೆಕ್ಕ ನಡೆಯುವುದು ದಶಮಾಂಶ ಸಂಖ್ಯೆಗಳಲ್ಲಿ, ಉತ್ತರ ಬರಬೇಕಾದದ್ದು ಪೂರ್ಣಾಂಕದಲ್ಲಿ. 27.02 ಬಂದರೆ ಅದು 27 ಎಂದು ಧೈರ್ಯವಾಗಿ ಹೇಳಬಹುದು. 27.48 ಬಂದರೆ? 27 ಇರಬಹುದು, 28 ಇರಬಹುದು. ಅಷ್ಟು ದೂರ ಸರಿದಿದೆ ಎಂದರೆ ಎಲ್ಲೋ ಎಡವಟ್ಟಾಗಿದೆ. ಪ್ರೈಮ್95 ಈ ಗಡಿಯನ್ನು 0.4ಕ್ಕೆ ಇಟ್ಟುಕೊಂಡಿದೆ. ಓವರ್‌ಕ್ಲಾಕ್ ಮಾಡುವವರಿಗೆ ಬಾಯಿಪಾಠ ಆಗಿರುವ ‘ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು’ ಎಂಬ ದೂರು ಹುಟ್ಟುವುದು ಇಲ್ಲಿಂದ. ಜೊತೆಗೆ, ‘ಟಾರ್ಚರ್ ಟೆಸ್ಟ್’ ಎಂಬ ಅದರ ಸ್ಟ್ರೆಸ್ ಟೆಸ್ಟ್‌ನಲ್ಲಿ ಕೊನೆಯ ಉತ್ತರ ಏನು ಬರಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಅದಕ್ಕೂ ತಾಳೆ ನೋಡುತ್ತದೆ.

ಇದರ ಕಣ್ಣು ಎಷ್ಟು ಚುರುಕು ಎನ್ನುವುದಕ್ಕೆ 2016ರ ಜನವರಿಯ ಘಟನೆ ಸಾಕು. ಇಂಟೆಲ್‌ನ 6ನೇ ತಲೆಮಾರಿನ ಪ್ರೊಸೆಸರ್‌ಗಳು ಓವರ್‌ಕ್ಲಾಕ್ ಮಾಡದೆಯೇ ಪ್ರೈಮ್95ನ ಒಂದು ನಿರ್ದಿಷ್ಟ ಗಾತ್ರದ ಲೆಕ್ಕದಲ್ಲಿ ಹ್ಯಾಂಗ್ ಆಗುತ್ತಿದ್ದವು. ಬಳಕೆದಾರರು ಅದನ್ನು ಹಿಡಿದರು. ಇಂಟೆಲ್ ದೋಷ ಒಪ್ಪಿಕೊಂಡು ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮೂಲಕ ಸರಿಪಡಿಸಿತು.

ಪ್ರೈಮ್95 ತೆರೆದವರಿಗೆ ಮೊದಲು ಎದುರಾಗುವುದು ಎಫ್‌ಎಫ್‌ಟಿ ಗಾತ್ರದ ಆಯ್ಕೆ. ‘ಸ್ಮಾಲ್’ ಆರಿಸಿದರೆ ಲೆಕ್ಕವೆಲ್ಲ ಪ್ರೊಸೆಸರ್‌ನ ಒಳಗಿನ ಕ್ಯಾಶ್ ಮೆಮೊರಿಯಲ್ಲೇ ಕೂರುತ್ತದೆ. ಡೇಟಾಗೆ ಕಾಯುವ ಪ್ರಮೇಯ ಇಲ್ಲ, ಕೋರ್‌ಗಳಿಗೆ ಉಸಿರಾಡಲು ಬಿಡುವಿಲ್ಲ, ಬಿಸಿ ವಿಪರೀತ. ‘ಲಾರ್ಜ್’ ಆರಿಸಿದರೆ ಡೇಟಾ ರ‍್ಯಾಮ್‌ಗೆ ಹೋಗಿ ಬರುತ್ತದೆ. ಬಿಸಿ ಕಡಿಮೆ, ಆದರೆ ಮೆಮೊರಿ ಕಂಟ್ರೋಲರ್ ಮೇಲೆ ಒತ್ತಡ ಜಾಸ್ತಿ. ‘ಬ್ಲೆಂಡ್’ ಎರಡನ್ನೂ ಬೆರೆಸುತ್ತದೆ. ‘ಪ್ರೈಮ್95 ಪಾಸಾಯ್ತು’ ಎಂದು ಯಾರಾದರೂ ಹೇಳಿದರೆ ಇವುಗಳಲ್ಲಿ ಯಾವುದು ಎಂದು ಕೇಳಬೇಕು. ಇಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ.

ಉಳಿದವರ ಜಾತಕ

ಲಿನ್‌ಪ್ಯಾಕ್ ಸೂಪರ್‌ಕಂಪ್ಯೂಟರ್‌ಗಳ ಲೋಕದಿಂದ ಬಂದದ್ದು. ಜಗತ್ತಿನ ಅತಿ ವೇಗದ 500 ಕಂಪ್ಯೂಟರ್‌ಗಳ ಪಟ್ಟಿಗೆ ಅಳತೆಗೋಲು ಇದೇ. ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಿ, ಉತ್ತರದಲ್ಲಿ ಉಳಿಯುವ ಚಿಕ್ಕ ವ್ಯತ್ಯಾಸವನ್ನು ತೋರಿಸುತ್ತದೆ. ಲಿನ್‌ಎಕ್ಸ್, ಇಂಟೆಲ್‌ಬರ್ನ್‌ಟೆಸ್ಟ್, ಲಿನ್‌ಪ್ಯಾಕ್ ಎಕ್ಸ್‌ಟ್ರೀಮ್ ಇವೆಲ್ಲ ಅದರ ಮೇಲೆ ಹೊದಿಸಿದ ಅಂಗಿಗಳು. ಪ್ರತಿ ಸುತ್ತಿನಲ್ಲೂ ಅದೇ ಪ್ರಶ್ನೆ, ಹಾಗಾಗಿ ಅದೇ ಉತ್ತರ ಬರಬೇಕು. ಹತ್ತು ಸಾಲಿನಲ್ಲಿ ಒಂದು ಸಾಲು ಬೇರೆ ಬಂದರೂ ಸೆಟ್ಟಿಂಗ್ ಸರಿಯಿಲ್ಲ ಎಂದೇ ಲೆಕ್ಕ. ಸುತ್ತು ಸುತ್ತಿನ ನಡುವೆ ಲೋಡ್ ಇಳಿದು ಮತ್ತೆ ಏರುವುದರಿಂದ ವೋಲ್ಟೇಜ್ ಕುಸಿತದ ಪರೀಕ್ಷೆಯೂ ಆಗುತ್ತದೆ. ಆದರೆ ಕೂಲರ್ ಸಾಧಾರಣವಾಗಿದ್ದರೆ ಇದನ್ನು ತಡೆದುಕೊಳ್ಳುವುದು ಕಷ್ಟ.

ಸಿನಿಬೆಂಚ್ ಬಗ್ಗೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಮ್ಯಾಕ್ಸನ್ ಕಂಪನಿಯ ಸಿನಿಮಾ 4ಡಿ ಸಾಫ್ಟ್‌ವೇರ್‌ನ ರೆಂಡರಿಂಗ್ ಎಂಜಿನ್ ಮೇಲೆ ನಿಂತ ವೇಗದ ಪರೀಕ್ಷೆ ಇದು. ಆರ್23 ಆವೃತ್ತಿಯಲ್ಲಿ 30 ನಿಮಿಷದ ‘ಸ್ಟೆಬಿಲಿಟಿ ಟೆಸ್ಟ್’ ಕೂಡ ಇದೆ. ಆದರೆ ಅದು ಬಿಡಿಸಿದ ಚಿತ್ರ ಸರಿಯಿದೆಯೇ ಎಂದು ಬಿಂದು ಬಿಂದುವಾಗಿ ತಾಳೆ ನೋಡುವುದಿಲ್ಲ. ಒಂದು ಬಿಂದುವಿನ ಬಣ್ಣ ತಪ್ಪಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಅಂಕ ಹೇಗಿದ್ದರೂ ಬರುತ್ತದೆ. ಸಿನಿಬೆಂಚ್ ಬಿದ್ದರೆ ಓವರ್‌ಕ್ಲಾಕ್ ಖಂಡಿತ ಸರಿಯಿಲ್ಲ. ಬೀಳದಿದ್ದರೆ ಹೆಚ್ಚೇನೂ ಗೊತ್ತಾಗಲಿಲ್ಲ. ಅಂದಾಜು ನೋಡಲು, ವೇಗ ನಿಜಕ್ಕೂ ಏರಿದೆಯೇ ಎಂದು ತಿಳಿಯಲು ಬಳಸಿ. ಅದಕ್ಕಿಂತ ದೊಡ್ಡ ಜವಾಬ್ದಾರಿ ಅದಕ್ಕೆ ಹೊರಿಸಬಾರದು.

ಐಡಾ64 ವಿಷಯದಲ್ಲಿ ಗೊಂದಲ ಹುಟ್ಟುವುದು ಅದರ ಟಿಕ್ ಗುರುತುಗಳಿಂದ. ಸಿಪಿಯು, ಎಫ್‌ಪಿಯು (ದಶಮಾಂಶ ಲೆಕ್ಕದ ಘಟಕ), ಕ್ಯಾಶ್, ಮೆಮೊರಿ ಎಂದು ನಾಲ್ಕನ್ನೂ ಆರಿಸಿದರೆ ಗಟ್ಟಿ ಪರೀಕ್ಷೆ ಎಂದು ಅನಿಸುತ್ತದೆ. ಆಗುವುದು ಉಲ್ಟಾ. ನಾಲ್ಕು ಕೆಲಸಗಳು ಸಮಯ ಹಂಚಿಕೊಂಡು ಒಟ್ಟು ಲೋಡ್ ಸೌಮ್ಯವಾಗುತ್ತದೆ. ಎಫ್‌ಪಿಯು ಒಂದನ್ನೇ ಆರಿಸಿ ನೋಡಿ, ತಾಪಮಾನ ಸರ್ರನೆ ಮೇಲೇರುತ್ತದೆ. ಇದರ ನಿಜವಾದ ಬಲ ಗ್ರಾಫ್‌ಗಳಲ್ಲಿದೆ. ತಾಪ, ವೇಗ, ವೋಲ್ಟೇಜ್, ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಸಿಕೊಳ್ಳುವುದು) ಎಲ್ಲ ಒಂದೇ ಕಿಟಕಿಯಲ್ಲಿ ಕಾಣುತ್ತವೆ.

ಒಸಿಸಿಟಿ ಹಲವು ಪರೀಕ್ಷೆಗಳನ್ನು ಒಂದೇ ಕಡೆ ತಂದಿದೆ. ಡೇಟಾ ಗಾತ್ರ ಆರಿಸಬಹುದು, ಹಗುರಾದ ಎಸ್‌ಎಸ್‌ಇ ಸೂಚನೆಗಳು ಬೇಕೋ ಭಾರದ ಎವಿಎಕ್ಸ್ ಬೇಕೋ ಆರಿಸಬಹುದು. ಯಾವ ಕೋರ್ ತಪ್ಪು ಮಾಡಿತು ಎಂದು ಹೆಸರು ಹಿಡಿದು ಹೇಳುತ್ತದೆ. ವಿಂಡೋಸ್ ಗುಟ್ಟಾಗಿ ಬರೆದುಕೊಳ್ಳುವ ಹಾರ್ಡ್‌ವೇರ್ ದೋಷಗಳನ್ನೂ ಗಮನಿಸುತ್ತದೆ. ಹೊಸಬರು ಒಂದೇ ಸಾಫ್ಟ್‌ವೇರ್ ಇಟ್ಟುಕೊಳ್ಳುವುದಾದರೆ ಇದೇ ಇರಲಿ.

ವೈ-ಕ್ರಂಚರ್ ಅಲೆಕ್ಸಾಂಡರ್ ಯೀ ಬರೆದದ್ದು. ಪೈ ಬೆಲೆಯನ್ನು ದಾಖಲೆಯ ಅಂಕಿಗಳವರೆಗೆ ಲೆಕ್ಕ ಹಾಕಲು ಇದನ್ನೇ ಬಳಸುತ್ತಾರೆ. 2022ರಲ್ಲಿ ಗೂಗಲ್ ಕ್ಲೌಡ್‌ನಲ್ಲಿ 100 ಲಕ್ಷ ಕೋಟಿ ಅಂಕಿ ಮುಟ್ಟಿದ್ದು ಇದರಿಂದಲೇ. ಪ್ರೈಮ್95ನಂತೆ ಇದಕ್ಕೂ ತಪ್ಪು ಸಹಿಸದ ಜಾಯಮಾನ. ಇದರ ಸ್ಟ್ರೆಸ್ ಟೆಸ್ಟ್‌ನಲ್ಲಿ ಹಲವು ಬಗೆಯ ಲೆಕ್ಕಗಳು ಒಂದಾದ ಮೇಲೊಂದು ಬರುತ್ತವೆ. ಕೆಲವು ಕೋರ್‌ಗಳನ್ನು ಸುಡುತ್ತವೆ, ಕೆಲವು ಮೆಮೊರಿಯನ್ನು ಜಾಲಾಡುತ್ತವೆ. ಪ್ರೈಮ್95ನಲ್ಲಿ ಗಂಟೆಗಟ್ಟಲೆ ಸುಮ್ಮನಿದ್ದ ಮಷಿನ್ ಇಲ್ಲಿ ಕೆಲವೇ ನಿಮಿಷಗಳಲ್ಲಿ ಸಿಕ್ಕಿಬೀಳುವುದುಂಟು. ಎದುರಿಗೆ ಬರೀ ಕಪ್ಪು ಪರದೆ, ಅಕ್ಷರ. ಚೆಂದ ನೋಡುವವರಿಗೆ ಅಲ್ಲ.

ಪೂರ್ತಿ ಲೋಡ್‌ಗೆ ಕಾಣದ ಮೂಲೆ

ಈಗ ಮೊದಲಿನ ಒಗಟಿಗೆ ಬರೋಣ. ಹಳೆಯ ಕಾಲದ ಓವರ್‌ಕ್ಲಾಕ್‌ನಲ್ಲಿ ಎಲ್ಲ ಕೋರ್‌ಗಳಿಗೂ ಒಂದೇ ವೇಗ, ಒಂದೇ ವೋಲ್ಟೇಜ್ ಕಟ್ಟಿಡುತ್ತಿದ್ದರು. ಆಗ ಅತಿ ಬಿಸಿಯ ಪರೀಕ್ಷೆ ಎಂದರೆ ಬಹುಮಟ್ಟಿಗೆ ಅತಿ ಕಷ್ಟದ ಪರೀಕ್ಷೆ. ಇಂದಿನ ಪ್ರೊಸೆಸರ್‌ಗಳು ಹಾಗಿಲ್ಲ. ಕೋರ್ ಐ9-14900ಕೆ ಒಂದೆರಡು ಕೋರ್‌ಗಳಿಗಷ್ಟೇ ಕೆಲಸ ಇದ್ದಾಗ 6 ಗಿಗಾಹರ್ಟ್ಸ್ ಮುಟ್ಟುತ್ತದೆ. ಎಲ್ಲ ಕೋರ್‌ಗಳಿಗೂ ಭಾರದ ಕೆಲಸ ಕೊಟ್ಟರೆ ಬಿಸಿ ಮತ್ತು ವಿದ್ಯುತ್ ಮಿತಿಗೆ ಸಿಕ್ಕಿ ಎಷ್ಟೋ ಕೆಳಗೆ ಇಳಿಯುತ್ತದೆ.

ಅಂದರೆ ಪ್ರೈಮ್95 ಓಡುವಾಗ 6 ಗಿಗಾಹರ್ಟ್ಸ್‌ನ ಪರೀಕ್ಷೆ ನಡೆಯುತ್ತಲೇ ಇಲ್ಲ. ಆ ವೇಗ ಬರುವುದು ಬ್ರೌಸರ್ ತೆರೆದಾಗ, ಫೈಲ್ ಬಿಚ್ಚಿದಾಗ, ಗೇಮ್ ಲೋಡ್ ಆಗುವಾಗ. ಅತಿ ಎತ್ತರದ ವೋಲ್ಟೇಜ್ ಕೂಡ ಆಗಲೇ. ಇಂಟೆಲ್ ಪ್ರೊಸೆಸರ್‌ಗಳ ವಿಷಯದಲ್ಲಿ ಆದದ್ದು ಇದು. ಗೇಮ್‌ಗಳು ಶುರುವಿನಲ್ಲಿ ಡೇಟಾ ಬಿಚ್ಚುತ್ತವೆ, ಶೇಡರ್‌ಗಳನ್ನು (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಮ್‌ಗಳನ್ನು) ಕಂಪೈಲ್ ಮಾಡುತ್ತವೆ. ಡೇಟಾ ಬಿಚ್ಚುವಾಗ ಒಂದು ಬಿಟ್ ತಪ್ಪಿದರೂ ಮುಂದಿನದ್ದೆಲ್ಲ ಕಸ. ಆ ಕಸವನ್ನು ಗೇಮ್ ಗ್ರಾಫಿಕ್ಸ್ ಭಾಗಕ್ಕೆ ದಾಟಿಸುತ್ತದೆ, ಅದು ‘ಮೆಮೊರಿ ಸಾಲುತ್ತಿಲ್ಲ’ ಎಂದು ಕೂಗುತ್ತದೆ. ಕಳ್ಳ ಒಬ್ಬ, ಸಿಕ್ಕಿಬಿದ್ದವನು ಇನ್ನೊಬ್ಬ.

ಇಂಟೆಲ್ 2024ರ ಸೆಪ್ಟೆಂಬರ್‌ನಲ್ಲಿ ಮೂಲ ಕಾರಣ ತಿಳಿಸಿತು. ಎತ್ತರದ ವೋಲ್ಟೇಜ್ ಮತ್ತು ಬಿಸಿಯಿಂದ ಕೋರ್‌ನ ಒಳಗಿನ ಕ್ಲಾಕ್ ಹಂಚುವ ಸರ್ಕ್ಯೂಟ್ ಸವೆಯುತ್ತಿತ್ತು. ಅದೇ ವೇಗಕ್ಕೆ ಬೇಕಾಗುವ ಕನಿಷ್ಠ ವೋಲ್ಟೇಜ್ ದಿನ ಕಳೆದಂತೆ ಏರುತ್ತಿತ್ತು. ಅದಕ್ಕೆ ಮೊದಲೇ, ಆಗಸ್ಟ್‌ನಲ್ಲಿ ಬಂದ 0ಎಕ್ಸ್129 ಮೈಕ್ರೊಕೋಡ್ (ಚಿಪ್‌ನ ಒಳಗಿನ ನಿಯಂತ್ರಣ ಸಾಫ್ಟ್‌ವೇರ್), ಚಿಪ್ 1.55 ವೋಲ್ಟ್‌ಗಿಂತ ಹೆಚ್ಚು ಕೇಳದಂತೆ ಕಡಿವಾಣ ಹಾಕಿತ್ತು. ವಾರಂಟಿಯನ್ನೂ 2 ವರ್ಷ ವಿಸ್ತರಿಸಿದರು. ಆದರೆ ಆಗಲೇ ಸವೆದ ಚಿಪ್ಪನ್ನು ಯಾವ ಅಪ್‌ಡೇಟೂ ಮೊದಲಿನಂತೆ ಮಾಡುವುದಿಲ್ಲ.

ಎಎಮ್‌ಡಿ ಕಡೆ ಇದೇ ಮೂಲೆ ಇನ್ನೊಂದು ರೂಪದಲ್ಲಿ ಕಾಣುತ್ತದೆ. 2020ರ ರೈಜನ್ 5000 ಸರಣಿಯೊಂದಿಗೆ ಬಂದ ಕರ್ವ್ ಆಪ್ಟಿಮೈಜರ್‌ನಲ್ಲಿ ಪ್ರತಿ ಕೋರ್‌ನ ವೋಲ್ಟೇಜನ್ನು ಬೇರೆ ಬೇರೆಯಾಗಿ ಇಳಿಸಬಹುದು. ಒಂದು ಮೆಟ್ಟಿಲಿಗೆ ಸುಮಾರು 3ರಿಂದ 5 ಮಿಲಿವೋಲ್ಟ್. ಮೈನಸ್ 30 ಎಂದರೆ 90ರಿಂದ 150 ಮಿಲಿವೋಲ್ಟ್ ಕಡಿತ. ಎಲ್ಲ ಕೋರ್‌ಗಳಿಗೂ ಮೈನಸ್ 30 ಕೊಟ್ಟು ಸಿನಿಬೆಂಚ್ ಓಡಿಸಿದರೆ ಅಂಕ ಏರುತ್ತದೆ, ಬಿಸಿ ಇಳಿಯುತ್ತದೆ, ಖುಷಿಯಾಗುತ್ತದೆ. ಆಮೇಲೆ ಯಾರೂ ಮುಟ್ಟದೆ ಇದ್ದಾಗ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ! ಎಲ್ಲ ಕೋರ್ ಲೋಡ್‌ನಲ್ಲಿ ವೇಗ ಕಡಿಮೆ, ಇಳಿಸಿದ ವೋಲ್ಟೇಜ್ ಸಾಕಾಗುತ್ತದೆ. ಒಂದೇ ಕೋರ್ ತುದಿಗೆ ಜಿಗಿದ ಕ್ಷಣ ಸಾಲುವುದಿಲ್ಲ.

ಕೋರ್‌ಸೈಕ್ಲರ್ ಹುಟ್ಟಿದ್ದು ಈ ಮೂಲೆಯನ್ನು ಗುಡಿಸಲು. ಅದು ಒಂದು ಪವರ್‌ಶೆಲ್ ಸ್ಕ್ರಿಪ್ಟ್ ಅಷ್ಟೇ. ಪ್ರೈಮ್95 ಅಥವಾ ವೈ-ಕ್ರಂಚರನ್ನು ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಕೂರಿಸಿ ಸರದಿಯಂತೆ ಎಲ್ಲ ಕೋರ್‌ಗಳನ್ನೂ ನೋಡುತ್ತದೆ. ಇಲ್ಲಿ ತಮಾಷೆ ಇರುವುದು, ಹಗುರಾದ ಎಸ್‌ಎಸ್‌ಇ ಲೆಕ್ಕವೇ ಇದಕ್ಕೆ ಹೆಚ್ಚು ಉಪಯೋಗ. ಭಾರದ ಎವಿಎಕ್ಸ್ ಕೊಟ್ಟರೆ ಕೋರ್ ಬಿಸಿಯಾಗಿ ವೇಗ ಇಳಿಸುತ್ತದೆ. ಹಗುರಾದದ್ದು ಕೊಟ್ಟರೆ ತುದಿಯಲ್ಲೇ ಓಡುತ್ತದೆ, ಬಂಡವಾಳ ಬಯಲಾಗುತ್ತದೆ.

ಎರಡು ಬಣ, ಎರಡು ಭಯ

ಒಂದು ಬಣದವರ ವಾದ ಸರಳ: ಪ್ರೈಮ್95 ಸ್ಮಾಲ್ ಎಫ್‌ಎಫ್‌ಟಿಯನ್ನು 24 ಗಂಟೆ ತಡೆಯದಿದ್ದರೆ ಸ್ಟೇಬಲ್ ಎನ್ನಬೇಡಿ. ಕಂಪ್ಯೂಟರ್ ಎಂದರೆ ಲೆಕ್ಕ ಹಾಕುವ ಯಂತ್ರ, ಲೆಕ್ಕ ತಪ್ಪಿದರೆ ಅದು ಯಾಕೆ ಬೇಕು? ಇನ್ನೊಂದು ಬಣ ಕೇಳುವುದು: ಇಂಥ ಲೋಡ್ ನಿತ್ಯದ ಬಳಕೆಯಲ್ಲಿ ಎಂದಾದರೂ ಬರುತ್ತದೆಯೇ? ಬರದ ಲೋಡ್‌ಗಾಗಿ ಯಾಕೆ ವೋಲ್ಟೇಜ್ ಏರಿಸಬೇಕು?

ಜಗಳದ ನಡುವೆ ಇರುವುದು ಎವಿಎಕ್ಸ್. ಎಸ್‌ಎಸ್‌ಇ ಒಂದು ಸೂಚನೆಯಲ್ಲಿ 128 ಬಿಟ್ ಡೇಟಾ ಮೇಲೆ ಕೆಲಸ ಮಾಡುತ್ತದೆ. ಎವಿಎಕ್ಸ್2 256 ಬಿಟ್, ಎವಿಎಕ್ಸ್-512 ಅದರ ಇಮ್ಮಡಿ. ಅಗಲವಾದಷ್ಟೂ ಒಂದೇ ಬಡಿತಕ್ಕೆ ಹೆಚ್ಚು ಟ್ರಾನ್ಸಿಸ್ಟರ್‌ಗಳು ಏಳುತ್ತವೆ. ಪ್ರೈಮ್95 ಇವನ್ನು ಕೊನೆಯ ಹನಿಯವರೆಗೆ ಹಿಂಡುತ್ತದೆ. ಅದಕ್ಕೇ ಎವಿಎಕ್ಸ್ ಬರುವ ಮೊದಲಿನ 26.6 ಆವೃತ್ತಿಯನ್ನು ಬಹಳ ಜನ ವರ್ಷಗಟ್ಟಲೆ ಕಾಪಾಡಿಕೊಂಡು ಬಂದರು. ಅದು ಸ್ವಲ್ಪ ಕಣ್ಣು ಮುಚ್ಚಿಕೊಳ್ಳುವ ಕೆಲಸವೇ. ಎಕ್ಸ್265ನಂಥ ವಿಡಿಯೊ ಎನ್‌ಕೋಡರ್‌ಗಳು ಎವಿಎಕ್ಸ್2 ಬಳಸುತ್ತವೆ. ವಿಡಿಯೊ ಕೆಲಸ ಮಾಡುವವರು ಎಸ್‌ಎಸ್‌ಇ ಪರೀಕ್ಷೆ ಮಾತ್ರ ಮಾಡಿ ನಿಶ್ಚಿಂತೆಯಿಂದ ಇದ್ದರೆ ಎನ್‌ಕೋಡ್ ನಡುವೆ ಪೆಟ್ಟು ತಿನ್ನುತ್ತಾರೆ.

ಆದರೆ ಮೊದಲ ಬಣದ ಹಾದಿಯಲ್ಲೂ ಪೆಟ್ಟಿದೆ. ಪ್ರೈಮ್95 ಪಾಸಾಗಲೇಬೇಕು ಎಂದು ವೋಲ್ಟೇಜ್ ಏರಿಸುತ್ತಾ ಹೋದರೆ ಆ ಏರಿಕೆ ದಿನದ 24 ಗಂಟೆಯೂ ಚಿಪ್ ಮೇಲೆ ಇರುತ್ತದೆ. ವೋಲ್ಟೇಜ್ ಮತ್ತು ಬಿಸಿ ಎರಡೂ ಚಿಪ್ಪನ್ನು ಸವೆಸುತ್ತವೆ. ಇಂಟೆಲ್ ಪ್ರಕರಣ ಇದನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಮಾಡಿತು. 2023ರಲ್ಲಿ ರೈಜನ್ 7000ಎಕ್ಸ್3ಡಿ ಚಿಪ್‌ಗಳು ಸುಟ್ಟ ಘಟನೆಗಳ ನಂತರ ಎಎಮ್‌ಡಿ ಎಸ್‌ಒಸಿ (ಚಿಪ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿಗೊಳಿಸಿದ್ದೂ ಇದೇ ಪಾಠದ ಇನ್ನೊಂದು ಪುಟ.

ಹಾಗಾಗಿ ಯಾವ ಬಣ ಸರಿ ಎನ್ನುವುದಕ್ಕಿಂತ, ಪರೀಕ್ಷೆಯಲ್ಲಿ ಬಿದ್ದರೆ ಏನು ಮಾಡುತ್ತೀರಿ ಎನ್ನುವುದು ಮುಖ್ಯ. ಬಿದ್ದಾಗ ವೇಗ ಇಳಿಸುವವರಿಗೆ ಕಠಿಣ ಪರೀಕ್ಷೆಯಿಂದ ಲಾಭವೇ. ಬಿದ್ದಾಗಲೆಲ್ಲ ವೋಲ್ಟೇಜ್ ಏರಿಸುವವರಿಗೆ ಅದೇ ಪರೀಕ್ಷೆ ಚಿಪ್‌ಗೆ ಶತ್ರು.

ಸದ್ದಿಲ್ಲದ ತಪ್ಪು

‘ಗೇಮ್ ಬಿದ್ದರೆ ಮತ್ತೆ ಹಾಕಿಕೊಂಡರಾಯಿತು, ಅಷ್ಟಕ್ಕೆ ಇಷ್ಟೆಲ್ಲ ಯಾಕೆ?’ ಎಂದು ಕೇಳಬಹುದು. ಬಿದ್ದರೆ ಚಿಂತೆಯಿಲ್ಲ, ಗೊತ್ತಾಗುತ್ತದೆ. ಬೀಳದೆ ತಪ್ಪು ಉತ್ತರ ಕೊಟ್ಟರೆ?

ಮೆಟಾ (ಆಗ ಫೇಸ್‌ಬುಕ್) ಕಂಪನಿಯ ಎಂಜಿನಿಯರ್‌ಗಳು 2021ರಲ್ಲಿ ಪ್ರಕಟಿಸಿದ ಒಂದು ಉದಾಹರಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅವರ ಸರ್ವರ್ ಒಂದರಲ್ಲಿ ಸಂಕುಚಿತ ಫೈಲ್‌ಗಳನ್ನು ಬಿಚ್ಚಿದಾಗ ಕೆಲವು ಕಾಣೆಯಾಗುತ್ತಿದ್ದವು. ಹುಡುಕುತ್ತಾ ಹೋದಾಗ ಒಂದೇ ಕೋರ್‌ಗೆ, 59ನೆಯದಕ್ಕೆ, ಬಂದು ನಿಂತರು. 1.1ರ 53ನೇ ಘಾತದ ಪೂರ್ಣಾಂಕ ಭಾಗ ಎಷ್ಟು ಎಂದು ಕೇಳಿದರೆ 156 ಬರಬೇಕು. ಆ ಕೋರ್ 0 ಎನ್ನುತ್ತಿತ್ತು. ಫೈಲ್‌ನ ಗಾತ್ರ 0 ಎಂದು ಬಂದದ್ದರಿಂದ ಪ್ರೋಗ್ರಾಮ್ ಅದನ್ನು ಬರೆಯಲೇ ಇಲ್ಲ. ಬ್ಲೂ ಸ್ಕ್ರೀನ್ ಇಲ್ಲ, ಎಚ್ಚರಿಕೆ ಇಲ್ಲ. ಇದು ಓವರ್‌ಕ್ಲಾಕ್ ಮಾಡದ, ಡೇಟಾಸೆಂಟರ್‌ಗೆಂದೇ ತಯಾರಾದ ಚಿಪ್‌ನ ಕಥೆ. ಗಡುವನ್ನು ತಾವಾಗಿ ಬಿಗಿ ಮಾಡಿದ ಮಷಿನ್‌ನಲ್ಲಿ ಇಂಥದ್ದು ಆಗುವ ಸಾಧ್ಯತೆ ಇನ್ನೂ ಜಾಸ್ತಿ ಅಲ್ವಾ? ಫೋಟೊ, ಲೆಕ್ಕಪತ್ರ, ಬ್ಯಾಕಪ್ ಇರುವ ಕಂಪ್ಯೂಟರ್‌ಗೆ ಬೀಳದಿದ್ದರೆ ಸಾಕು ಎನ್ನುವ ಮಾನದಂಡ ಸಾಲದು.

ಮೆಮೊರಿಯನ್ನೂ ಇದರ ಜೊತೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೆಮೊರಿಯ ವೇಗ ಏರಿಸುವ ಎಕ್ಸ್‌ಎಮ್‌ಪಿ ಅಥವಾ ಎಕ್ಸ್‌ಪೊ ಪ್ರೊಫೈಲ್ ಆನ್ ಮಾಡುವುದೂ ಓವರ್‌ಕ್ಲಾಕ್ ತಾನೇ. ಪ್ರೊಸೆಸರ್ ತಪ್ಪು ಎಂದು ಅಂದುಕೊಂಡದ್ದು ಎಷ್ಟೋ ಸಲ ರ‍್ಯಾಮ್ ತಪ್ಪಾಗಿರುತ್ತದೆ. ಮೊದಲು ಮೆಮ್‌ಟೆಸ್ಟ್86 ಅಥವಾ ಟೆಸ್ಟ್‌ಮೆಮ್5 ಓಡಿಸಿ ರ‍್ಯಾಮ್ ಬಗ್ಗೆ ಅನುಮಾನ ಕಳೆದುಕೊಂಡು, ಆಮೇಲೆ ಪ್ರೊಸೆಸರ್ ಕಡೆ ತಿರುಗುವುದು ಒಳ್ಳೆಯದು.

ಎಷ್ಟು ಹೊತ್ತು ಓಡಿಸಬೇಕು?

ಇದಕ್ಕೆ ನಂಬಿಕೆಯ ಉತ್ತರಕ್ಕಿಂತ ಲೆಕ್ಕದ ಉತ್ತರ ಮೇಲು. ಒಂದು ಮಷಿನ್ ಸರಾಸರಿ 10 ಗಂಟೆಗೊಮ್ಮೆ ಎಡವುತ್ತದೆ ಎಂದುಕೊಳ್ಳಿ. 1 ಗಂಟೆಯ ಟೆಸ್ಟ್‌ನಲ್ಲಿ ಅದು ಸಿಕ್ಕಿಬೀಳುವ ಸಾಧ್ಯತೆ ಶೇ 10ಕ್ಕೂ ತುಸು ಕಡಿಮೆ. 8 ಗಂಟೆ ಓಡಿಸಿದರೆ ಶೇ 55. 24 ಗಂಟೆ ಓಡಿಸಿದರೆ ಶೇ 91. ಒಂದು ಗಂಟೆ ಪಾಸಾಯಿತು ಎಂದು ಚಿತ್ರ ಹಂಚಿಕೊಳ್ಳುವವರು ಇದನ್ನು ನೆನಪಿಡಬೇಕು. ಜೊತೆಗೆ ಇನ್ನೊಂದು ಮಾತು. ಒಂದೇ ಬಗೆಯ ಲೋಡನ್ನು 24 ಗಂಟೆ ಓಡಿಸುವುದಕ್ಕಿಂತ, ಆರು ಬಗೆಯ ಲೋಡನ್ನು ತಲಾ 4 ಗಂಟೆ ಓಡಿಸಿದರೆ ಹೆಚ್ಚು ಮೂಲೆಗಳು ಸಿಗುತ್ತವೆ.

ಕ್ರಮದ ವಿಷಯಕ್ಕೆ ಬಂದರೆ, ಸೆಟ್ಟಿಂಗ್ ಬದಲಿಸುವಾಗ ಪ್ರತಿ ಸಲ ಸಿನಿಬೆಂಚ್ 10 ನಿಮಿಷ ಸಾಕು. ಅದರಲ್ಲೇ ಬಿದ್ದರೆ ಮುಂದೆ ಹೋಗುವ ಅಗತ್ಯವಿಲ್ಲ. ಹತ್ತಿರ ಬಂದೆವು ಅನಿಸಿದಾಗ ಒಸಿಸಿಟಿ ಅಥವಾ ಪ್ರೈಮ್95 ಸ್ಮಾಲ್ ಎಫ್‌ಎಫ್‌ಟಿ ಅರ್ಧ ಗಂಟೆ ಹಾಕಿ ಕೂಲರ್‌ನ ಶಕ್ತಿ ನೋಡಬೇಕು. ಆಮೇಲೆ ವೈ-ಕ್ರಂಚರ್ ಕೆಲವು ಗಂಟೆ. ರಾತ್ರಿ ಮಲಗುವಾಗ ಕೋರ್‌ಸೈಕ್ಲರ್. ಬೂಸ್ಟ್ (ಚಿಪ್ ತಾನೇ ವೇಗ ಏರಿಸಿಕೊಳ್ಳುವುದು) ಮತ್ತು ಕರ್ವ್ ಆಪ್ಟಿಮೈಜರ್ ಬಳಸುವವರಿಗೆ ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ, ಆದರೆ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಲಿನಕ್ಸ್‌ನವರಿಗೆ ಸ್ಟ್ರೆಸ್-ಎನ್‌ಜಿ ಇದೆ, ಅದನ್ನು ಉತ್ತರ ತಾಳೆ ನೋಡುವ ‘ವೆರಿಫೈ’ ಆಯ್ಕೆಯೊಂದಿಗೇ ಓಡಿಸಬೇಕು. ಇಲ್ಲದಿದ್ದರೆ ಅದೂ ಬರೀ ಹೀಟರ್.

ಟೆಸ್ಟ್ ಮುಗಿದು ಹಸಿರು ಗುರುತು ಬಂದ ಮೇಲೂ ಎರಡು ಕಡೆ ಇಣುಕಬೇಕು. ಒಂದು, ವಿಂಡೋಸ್‌ನ ಇವೆಂಟ್ ವ್ಯೂವರ್. ಅಲ್ಲಿ ವೀಯಾ-ಲಾಗರ್ ಹೆಸರಿನ ನಮೂದುಗಳಿದ್ದರೆ ಹಾರ್ಡ್‌ವೇರ್ ತಪ್ಪು ಮಾಡಿದೆ. ಕೆಲವನ್ನು ತಾನೇ ತಿದ್ದಿಕೊಂಡಿರುತ್ತದೆ, ಅದಕ್ಕೇ ಮೇಲೆ ಏನೂ ಕಾಣಲಿಲ್ಲ. ತಿದ್ದಿಕೊಂಡರೂ ಅಂಚಿಗೆ ಬಂದಿದೆ ಎಂದೇ ಅರ್ಥ. ಇನ್ನೊಂದು, ವೇಗ-ತಾಪ ತೋರಿಸುವ ಎಚ್‌ಡಬ್ಲ್ಯುಇನ್ಫೊ ಸಾಫ್ಟ್‌ವೇರ್‌ನಲ್ಲಿ ‘ಎಫೆಕ್ಟಿವ್ ಕ್ಲಾಕ್’. ವೋಲ್ಟೇಜ್ ಸಾಲದೆ ಹೋದಾಗ ಕೆಲವು ರೈಜನ್ ಚಿಪ್‌ಗಳು ಬೀಳುವ ಬದಲು ಬಡಿತವನ್ನೇ ಹಿಗ್ಗಿಸುತ್ತವೆ. ಪರದೆಯಲ್ಲಿ 5 ಗಿಗಾಹರ್ಟ್ಸ್ ಎಂದೇ ಇರುತ್ತದೆ, ನಿಜವಾದ ಕೆಲಸ ಅದಕ್ಕಿಂತ ಕಡಿಮೆ ವೇಗದಲ್ಲಿ ನಡೆದಿರುತ್ತದೆ. ಟೆಸ್ಟ್ ಪಾಸು, ವೇಗ ಸುಳ್ಳು.

ಮುಂದೆ ಏನಾಗಬಹುದು?

ಇಂಟೆಲ್ ಪ್ರಕರಣ ಮದರ್‌ಬೋರ್ಡ್ ತಯಾರಕರ ಒಂದು ಹಳೆಯ ಚಾಳಿಯನ್ನೂ ಬೆಳಕಿಗೆ ತಂದಿತು. 14900ಕೆಗೆ ಇಂಟೆಲ್ ಹೇಳಿದ ಟರ್ಬೊ ವಿದ್ಯುತ್ ಮಿತಿ 253 ವಾಟ್. ಹಲವು ಬೋರ್ಡ್‌ಗಳು ಅಲ್ಲಿ 4096 ವಾಟ್ ಎಂದು ಬರೆದು, ಮಿತಿಯನ್ನೇ ತೆಗೆದುಹಾಕಿರುತ್ತಿದ್ದವು. ಬಯಾಸ್ ಮುಟ್ಟದವರೂ ಒಂದರ್ಥದಲ್ಲಿ ಮಿತಿ ಮೀರಿ ಓಡಿಸುತ್ತಿದ್ದರು. 2024ರಲ್ಲಿ ‘ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್’ ಎಂಬ ಪ್ರೊಫೈಲ್ ಬಂದ ಮೇಲೆ ಇದು ಹಿಡಿತಕ್ಕೆ ಬರುತ್ತಿದೆ. ಪರಿಣಾಮವಾಗಿ, ಅದಕ್ಕಿಂತ ಹಿಂದೆ ಜನ ಹಂಚಿಕೊಂಡ ತಾಪಮಾನ ಮತ್ತು ಅಂಕಗಳನ್ನು ಈಗಿನವುಗಳ ಜೊತೆ ಹೋಲಿಸಿದರೆ ತಾಳೆ ಆಗುವುದಿಲ್ಲ. ಅದೇ ಚಿಪ್, ಅದೇ ಬೋರ್ಡ್, ಅದೇ ಸಾಫ್ಟ್‌ವೇರ್ ಇದ್ದರೂ ಬಯಾಸ್ ಬೇರೆಯಾದರೆ ಫಲಿತಾಂಶ ಬೇರೆ.

ಓವರ್‌ಕ್ಲಾಕ್ ಮಾಡುವವರಿಗೆ ಇದರಿಂದ ಒಂದು ಹೊಸ ಕೆಲಸ ಅಂಟಿಕೊಂಡಿದೆ. ಬಯಾಸ್ ಅಪ್‌ಡೇಟ್ ಹಾಕಿದಾಗ ವೋಲ್ಟೇಜ್ ನಿಯಮಗಳೇ ಬದಲಾಗಿರಬಹುದು. ಹಾಗಾದರೆ ಹಿಂದಿನ ಪಾಸು ಅಲ್ಲಿಗೆ ಮುಗಿಯಿತು, ಮತ್ತೆ ಪರೀಕ್ಷೆ ಮಾಡಬೇಕು. ಕೋಣೆಯ ಬಿಸಿ ಹತ್ತು ಡಿಗ್ರಿ ಏರುವ ಕಾಲ ಬಂದಾಗಲೂ ಅಷ್ಟೇ. ಚಿಪ್ ಸವೆಯುತ್ತಾ ಹೋದಂತೆ ಅದೇ ವೇಗಕ್ಕೆ ಬೇಕಾದ ವೋಲ್ಟೇಜ್ ಮೆಲ್ಲಗೆ ಏರುತ್ತದೆ. ಇಂದು ಅಂಚಿನಲ್ಲಿ ಪಾಸಾದ ಸೆಟ್ಟಿಂಗ್ ವರ್ಷದ ನಂತರ ಅಂಚಿನ ಆಚೆ ಇರಬಹುದು. ಅದಕ್ಕೆ ಪಳಗಿದವರು ಕೊನೆಗೆ ಸಿಕ್ಕಿದ ಸ್ಟೇಬಲ್ ವೇಗದಿಂದ 100 ಮೆಗಾಹರ್ಟ್ಸ್ ಕೆಳಗೆ ಇಳಿದು ನಿಲ್ಲುತ್ತಾರೆ. ಕರ್ವ್ ಆಪ್ಟಿಮೈಜರ್‌ನಲ್ಲಾದರೆ ಮೈನಸ್ 20 ಪಾಸಾದ ಕೋರ್‌ಗೆ ಮೈನಸ್ 15 ಬರೆದು, ತಾರೀಕಿನ ಜೊತೆ ಬಯಾಸ್ ಆವೃತ್ತಿಯನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ.